ಬ್ಯಾಂಡ್ ಬದಲಿಸಿದರೆ ರೇಡಿಯೋ ಎಲ್ಲಿಗೆ ಹೋಗಬೇಕು? ಹ್ಯಾಮ್ ಸಾಫ್ಟ್‌ವೇರ್‌ಗಳ ನೆನಪಿನ ಗೊಂದಲ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆದಾರರು 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯೊಂದಿದೆ, ಅಷ್ಟೇ. ಆಫೀಸುಗಳ ಮಟ್ಟಿಗೆ ಇದು ಹಳೇ ಸುದ್ದಿ. ಹವ್ಯಾಸಿ ರೇಡಿಯೋದವರಿಗೆ, ಅಂದರೆ ಹ್ಯಾಮ್‌ಗಳಿಗೆ, ಇದರ ಬಿಸಿ ತಟ್ಟುವುದು ಸ್ವಲ್ಪ ತಡವಾಗಿ. ಯಾಕೆಂದರೆ ರೇಡಿಯೋ ಪಕ್ಕದಲ್ಲಿ ಕೂತು ಕೇಬಲ್ ಮೂಲಕ ಅದನ್ನು ನಡೆಸುವುದು ಸಾಮಾನ್ಯವಾಗಿ ಮನೆಯ ಅತಿ ಹಳೆಯ ಕಂಪ್ಯೂಟರ್. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹೊಸ ಪ್ರೊಸೆಸರ್ ಬೇಕು ಅನ್ನುತ್ತದೆ. ಹಾಗಾಗಿ ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಹ್ಯಾಮ್‌ಗಳ ಮುಂದೆ ಇರುವುದು ಎರಡೇ ದಾರಿ: ಬೇರೆ ಮೆಷಿನ್ ತರಬೇಕು, ಇಲ್ಲವೇ ಹಳೆಯದಕ್ಕೇ ಲಿನಕ್ಸ್ ಹಾಕಬೇಕು.

ಗೊಂದಲ ಶುರುವಾಗುವುದು ಅದರ ಮಾರನೇ ದಿನ. ಮೊದಲು ಪರದೆ ಮೇಲಿನ 40 ಮೀಟರ್ ಬಟನ್ ಒತ್ತಿದರೆ ರೇಡಿಯೋ ನಿನ್ನೆ ಮಾತಾಡಿದ್ದ ಫ್ರೀಕ್ವೆನ್ಸಿಗೇ ಹೋಗುತ್ತಿತ್ತು. ಈಗ ಇನ್ನೆಲ್ಲೋ ಹೋಗಿ ನಿಲ್ಲುತ್ತದೆ. ರೇಡಿಯೋ ಅದೇ, ಆಂಟೆನಾ ಅದೇ, ಸಾಫ್ಟ್‌ವೇರಿನ ಹೆಸರೂ ಅದೇ. ಹಾಗಾದರೆ ಬದಲಾದದ್ದು ಏನು?

ಬ್ಯಾಂಡ್ ಬದಲಿಸುವುದು ಯಾಕೆ

ಈ ಹವ್ಯಾಸಕ್ಕೆ ಹೊರಗಿನವರಿಗಾಗಿ ಒಂದೆರಡು ಮಾತು. ಕೇಂದ್ರ ಸಂವಹನ ಸಚಿವಾಲಯದ ಡಬ್ಲ್ಯೂಪಿಸಿ ವಿಭಾಗ ಪರೀಕ್ಷೆ ನಡೆಸಿ ಹ್ಯಾಮ್ ಲೈಸೆನ್ಸ್ ಕೊಡುತ್ತದೆ. ವಿಯು2, ವಿಯು3 ಎಂದು ಶುರುವಾಗುವ ಕಾಲ್‌ಸೈನ್‌ಗಳು ಇವರದು. ಇವರು ಬಳಸಬಹುದಾದ ಫ್ರೀಕ್ವೆನ್ಸಿಗಳು ತುಂಡು ತುಂಡಾಗಿವೆ. ಒಂದೊಂದು ತುಂಡೂ ಒಂದು ಬ್ಯಾಂಡ್, ಅದರ ಹೆಸರು ತರಂಗದ ಉದ್ದದ ಲೆಕ್ಕದಲ್ಲಿ. 7.0ರಿಂದ 7.2 ಮೆಗಾಹರ್ಟ್ಸ್‌ವರೆಗಿನದು 40 ಮೀಟರ್ ಬ್ಯಾಂಡ್, 14.0ರಿಂದ 14.35 ಮೆಗಾಹರ್ಟ್ಸ್‌ವರೆಗಿನದು 20 ಮೀಟರ್.

ಹಗಲಲ್ಲಿ 40 ಮೀಟರ್‌ನಲ್ಲಿ ದಾವಣಗೆರೆಯಿಂದ ಬೆಂಗಳೂರು, ಮಂಗಳೂರು, ಹೈದರಾಬಾದು ಆರಾಮಾಗಿ ಸಿಗುತ್ತವೆ. ದೂರದ ದೇಶ ಬೇಕು ಅಂದರೆ 20 ಮೀಟರ್‌ಗೋ 15ಕ್ಕೋ ಹೋಗಬೇಕು. ಸೂರ್ಯನ ಚಟುವಟಿಕೆ ತನ್ನ 11 ವರ್ಷದ ಚಕ್ರದ ಉತ್ತುಂಗದ ಹಂತ ಮುಟ್ಟಿದೆ ಎಂದು ಅಮೆರಿಕದ ನಾಸಾ 2024ರ ಅಕ್ಟೋಬರ್‌ನಲ್ಲಿ ಹೇಳಿತ್ತು. ಸೂರ್ಯ ಹೀಗೆ ಚುರುಕಾಗಿದ್ದಾಗ 10 ಮೀಟರ್ ಬ್ಯಾಂಡೂ ತೆರೆಯುತ್ತದೆ. ಅಂದರೆ ಒಂದೇ ಸಂಜೆಯಲ್ಲಿ ನಾಲ್ಕೈದು ಸಲ ಬ್ಯಾಂಡ್ ಬದಲಿಸುವುದು ಮಾಮೂಲು. ಪ್ರತಿ ಸಲ ತಪ್ಪು ಜಾಗಕ್ಕೆ ಹೋದರೆ ಕಿರಿಕಿರಿ ಆಗದೆ ಇರುತ್ತದಾ?

ನೆನಪು ಒಂದು ಕಡೆ ಇಲ್ಲ

"ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳುತ್ತಿತ್ತು, ಈಗ ಮರೆತಿದೆ" ಎನ್ನುವುದು ಸಾಮಾನ್ಯ ದೂರು. ನಿಜವಾಗಿ ಆ ನೆನಪು ಮೂರು ಕಡೆ ಇರಬಹುದು.

ಮೊದಲನೆಯದು ರೇಡಿಯೋದ ಒಳಗೆ. ಹ್ಯಾಮ್‌ಗಳು ಇದನ್ನು ರಿಗ್ ಅನ್ನುತ್ತಾರೆ. ಈಚಿನ ಹೆಚ್ಚಿನ ರಿಗ್‌ಗಳಲ್ಲಿ ಬ್ಯಾಂಡ್ ಸ್ಟ್ಯಾಕಿಂಗ್ ರಿಜಿಸ್ಟರ್ ಎಂಬ ವ್ಯವಸ್ಥೆ ಇದೆ. ಒಂದು ಬ್ಯಾಂಡ್ ಬಿಟ್ಟು ಹೊರಡುವಾಗ ಅಲ್ಲಿನ ಫ್ರೀಕ್ವೆನ್ಸಿಯನ್ನೂ ಮೋಡನ್ನೂ (ಮಾತನ್ನೋ ಸಂದೇಶವನ್ನೋ ಅಲೆಗೆ ಏರಿಸುವ ಬಗೆ) ರಿಗ್ ಬರೆದಿಟ್ಟುಕೊಳ್ಳುತ್ತದೆ, ಮರಳಿ ಬಂದಾಗ ಹಾಗೇ ತಂದು ನಿಲ್ಲಿಸುತ್ತದೆ. ಐಕಾಮ್ ಐಸಿ-7300ರಂಥ ರಿಗ್‌ನಲ್ಲಿ ಪ್ರತಿ ಬ್ಯಾಂಡ್‌ಗೂ ಇಂಥ ಮೂರು ಖಾನೆಗಳಿವೆ. ಅದೇ ಬ್ಯಾಂಡ್ ಬಟನ್ ಮತ್ತೆ ಒತ್ತಿದರೆ ಮುಂದಿನ ಖಾನೆಗೆ ಹೋಗುತ್ತದೆ. ಇದು ಗೊತ್ತಿಲ್ಲದವರು ಎರಡು ಸಲ ಒತ್ತಿ, ಎರಡು ತಿಂಗಳ ಹಿಂದಿನ ಜಾಗಕ್ಕೆ ಹೋಗಿ ನಿಂತು, ಸಾಫ್ಟ್‌ವೇರನ್ನು ಬೈಯುವುದುಂಟು.

ಎರಡನೆಯದು ಕಂಪ್ಯೂಟರಿನಲ್ಲಿ. ಸಾಫ್ಟ್‌ವೇರ್ ತನ್ನ ಸೆಟ್ಟಿಂಗ್ಸ್ ಫೈಲಿನಲ್ಲಿ "40 ಮೀಟರ್‌ನಲ್ಲಿ ಕೊನೆಗೆ ಇದ್ದದ್ದು ಇಲ್ಲಿ" ಎಂದು ಬರೆದುಕೊಳ್ಳುತ್ತದೆ. ಕಂಪ್ಯೂಟರ್ ಬದಲಾದರೆ ಆ ಫೈಲು ಹಳೇ ಮೆಷಿನ್‌ನಲ್ಲೇ ಉಳಿಯುತ್ತದೆ. ಈಗಿನ ದೂರುಗಳ ಬಹುಪಾಲು ಮೂಲ ಇಲ್ಲಿದೆ.

ಮೂರನೆಯದು ನೆನಪೇ ಅಲ್ಲ, ಪಟ್ಟಿ. ಡಬ್ಲ್ಯೂಎಸ್‌ಜೆಟಿ-ಎಕ್ಸ್ ಅದಕ್ಕೆ ಒಳ್ಳೆಯ ಉದಾಹರಣೆ. ಎಫ್‌ಟಿ8 ಎಂಬ, ಕಂಪ್ಯೂಟರ್‌ಗಳೇ ಪುಟ್ಟ ಸಂದೇಶ ಬದಲಿಸಿಕೊಳ್ಳುವ ಡಿಜಿಟಲ್ ಮೋಡ್ 2017ರಲ್ಲಿ ಬಂದದ್ದೇ ಈ ಸಾಫ್ಟ್‌ವೇರ್ ಮೂಲಕ. ಅದರಲ್ಲಿ ಬ್ಯಾಂಡ್ ಆರಿಸಿದರೆ ಮೊದಲೇ ಬರೆದಿಟ್ಟ ಫ್ರೀಕ್ವೆನ್ಸಿಗೆ ಹೋಗುತ್ತದೆ. 40 ಮೀಟರ್‌ಗೆ 7.074, 20ಕ್ಕೆ 14.074, 15ಕ್ಕೆ 21.074. ನೀವು ನಿನ್ನೆ ಎಲ್ಲಿದ್ದಿರಿ ಅನ್ನುವುದು ಅದಕ್ಕೆ ಬೇಕಾಗಿಲ್ಲ. ತಮಾಷೆ ಅಂದರೆ, ಅದೇ ಸಾಫ್ಟ್‌ವೇರ್ ಪ್ರತಿ ಬ್ಯಾಂಡ್‌ಗೂ ನೀವಿಟ್ಟಿದ್ದ ಪವರ್ ಮಟ್ಟವನ್ನು ಬೇಕಾದರೆ ನೆನಪಿಟ್ಟುಕೊಳ್ಳುತ್ತದೆ. ಅಂದರೆ ಯಾವುದನ್ನು ನೆನಪಿಡಬೇಕು, ಯಾವುದು ಬೇಡ ಎಂದು ಬರೆದವರು ಯೋಚಿಸಿಯೇ ತೀರ್ಮಾನಿಸಿದ್ದಾರೆ.

ಕೇಬಲ್ ಮೇಲೆ ಹೋಗುವ ಮಾತು

ಇಷ್ಟಕ್ಕೂ ಮೂರು ಕಡೆ ಯಾಕೆ ಬೇಕಾಯಿತು? ಉತ್ತರ ಯುಎಸ್‌ಬಿ ಕೇಬಲ್‌ನಲ್ಲಿದೆ.

ಕೆನ್‌ವುಡ್ ರಿಗ್‌ಗೆ "7.074ಕ್ಕೆ ಹೋಗು" ಅನ್ನಲು ಕಂಪ್ಯೂಟರ್ ಕಳಿಸುವುದು ಇಷ್ಟೇ: ಎಫ್, ಎ ಎಂಬ ಎರಡು ಇಂಗ್ಲಿಷ್ ಅಕ್ಷರ, ಅದರ ಬೆನ್ನಿಗೆ 00007074000, ಕೊನೆಗೊಂದು ಸೆಮಿಕೋಲನ್. ಲೆಕ್ಕ ಹರ್ಟ್ಸ್‌ನಲ್ಲಿದೆ. ಯಾಯೆಸುವಿನ ಈಚಿನ ರಿಗ್‌ಗಳಲ್ಲೂ ಹೆಚ್ಚುಕಡಿಮೆ ಹೀಗೇ, ಮುಂದಿನ ಸೊನ್ನೆ ಎರಡು ಕಡಿಮೆ. ಐಕಾಮ್ ಮಾತ್ರ ಅಂಕಿಗಳನ್ನು ಜೋಡಿ ಮಾಡಿ ಹಿಂದಿನಿಂದ ಓದುತ್ತದೆ: 00 40 07 07 00.

ಈ ಆದೇಶದಲ್ಲಿ ಬ್ಯಾಂಡ್ ಎಂಬ ಮಾತೇ ಇಲ್ಲ, ಮೋಡ್ ಕೂಡ ಇಲ್ಲ. ಇದು "ಈ ವಿಳಾಸಕ್ಕೆ ಹೋಗು" ಅನ್ನುವ ನೇರ ಮಾತು. ಇನ್ನೊಂದು ಬಗೆಯ ಆದೇಶ ಇದೆ. ಯಾಯೆಸುವಿನಲ್ಲಿ ಬಿ, ಎಸ್ ಎಂಬ ಎರಡಕ್ಷರ ಬರೆದು 03 ಎಂದರೆ 7 ಮೆಗಾಹರ್ಟ್ಸ್ ಬ್ಯಾಂಡ್, 05 ಎಂದರೆ 14. ಇದರ ಅರ್ಥ "ಆ ಬ್ಯಾಂಡ್‌ನಲ್ಲಿ ನೀನು ಮೊದಲು ಎಲ್ಲಿದ್ದೆಯೋ ಅಲ್ಲಿಗೆ ಹೋಗು" ಎಂದು. ರಿಗ್ ತನ್ನ ಖಾನೆ ತೆರೆದು, ಅಲ್ಲಿನ ಫ್ರೀಕ್ವೆನ್ಸಿ ಮತ್ತು ಮೋಡ್ ಎರಡನ್ನೂ ತಾನೇ ಹಾಕಿಕೊಳ್ಳುತ್ತದೆ. ಎಲ್ಲಿ ಹೋಗಿ ನಿಂತಿತು ಅನ್ನುವುದು ಕಂಪ್ಯೂಟರಿಗೆ ಆಮೇಲೆ ಕೇಳಿದಾಗಲೇ ಗೊತ್ತು.

ಎರಡನೆಯದೇ ಚೆನ್ನಾಗಿದೆಯಲ್ಲ, ಎಲ್ಲರೂ ಅದನ್ನೇ ಬಳಸಬಹುದಿತ್ತಲ್ಲ ಅನ್ನಿಸಬಹುದು. ತೊಡಕು ಏನೆಂದರೆ, ನೇರ ಆದೇಶ ಹೆಚ್ಚುಕಡಿಮೆ ಎಲ್ಲ ರಿಗ್‌ಗೂ ತಿಳಿಯುತ್ತದೆ, ಬ್ಯಾಂಡ್ ಆದೇಶ ಕಂಪನಿಗೊಂದು ಥರ, ಮಾದರಿಗೊಂದು ಥರ. ಕೆಲವದರಲ್ಲಿ ಇಲ್ಲವೇ ಇಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸ ಮಾಡಿದ ಮೈಕ್ರೋ ಬಿಟ್‌ಎಕ್ಸ್ ನಮ್ಮಲ್ಲಿ ಹೆಸರಾದ ಅಗ್ಗದ ರಿಗ್. ಅದು ಯಾಯೆಸು ಎಫ್‌ಟಿ-817ರ ಭಾಷೆಯನ್ನು ಅನುಕರಿಸುತ್ತದೆ. ಆ ಹಳೆಯ ಐದು ಬೈಟ್‌ಗಳ ಭಾಷೆಯಲ್ಲಿ "ಹಿಂದಿದ್ದ ಜಾಗಕ್ಕೆ ಹೋಗು" ಎನ್ನಲು ಪದವೇ ಇಲ್ಲ. ಇಂಥ ರಿಗ್ ಇದ್ದರೆ ಚರ್ಚೆ ಮುಗಿದಂತೆ. ನೆನಪಿಡುವ ಕೆಲಸ ಕಂಪ್ಯೂಟರಿನದೇ.

ಹ್ಯಾಮ್‌ಲಿಬ್ ಎಂಬ ಉಚಿತ ಲೈಬ್ರರಿ ನೂರಾರು ಮಾದರಿಗಳ ಭಾಷೆ ಬಲ್ಲದು. ಬಹಳಷ್ಟು ಸಾಫ್ಟ್‌ವೇರ್‌ಗಳು ಅದರ ಮೂಲಕವೇ ಮಾತಾಡುತ್ತವೆ. ನೂರಾರು ರಿಗ್‌ಗಳಿಗೆ ಒಂದೇ ಪ್ರೋಗ್ರಾಂ ಬರೆಯುವವರು ಎಲ್ಲರಿಗೂ ಅರ್ಥವಾಗುವ ಆದೇಶವನ್ನೇ ಆರಿಸುತ್ತಾರೆ. ಅದನ್ನು ಆರಿಸಿದ ಮೇಲೆ, ಹಳೇ ಫ್ರೀಕ್ವೆನ್ಸಿಯನ್ನು ತಾವೇ ಬರೆದಿಟ್ಟುಕೊಳ್ಳದೆ ವಿಧಿಯಿಲ್ಲ. ಹೀಗೆ ರಿಗ್‌ನಲ್ಲಿ ಒಂದು, ಕಂಪ್ಯೂಟರಿನಲ್ಲಿ ಒಂದು, ಎರಡು ನೆನಪು ಹುಟ್ಟಿಕೊಂಡವು. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಒಂದೇ ರೈತನ ಹೆಸರಿಗೆ ಎರಡು ಖಾತೆ ಪುಸ್ತಕ ಇಟ್ಟ ಹಾಗೆ. ಎರಡೂ ಪ್ರಾಮಾಣಿಕ, ಆದರೆ ತಾಳೆಯಾಗುವ ಖಾತ್ರಿಯಿಲ್ಲ.

ತಾಳೆ ತಪ್ಪುವುದು ಎಲ್ಲಿ

ಒಂದನೆಯ ಜಾಗ, ಕೇಳುವ ಅಂತರ. ಸಾಫ್ಟ್‌ವೇರ್ ರಿಗ್ಗನ್ನು ಆಗಾಗ "ಎಲ್ಲಿದ್ದೀಯ" ಎಂದು ಕೇಳುತ್ತಿರುತ್ತದೆ. ಸೆಕೆಂಡಿಗೊಮ್ಮೆ ಕೇಳುತ್ತದೆ ಅಂತಿಟ್ಟುಕೊಳ್ಳಿ. ನೀವು ನಾಬ್ ತಿರುಗಿಸಿ 7.085ರಿಂದ 7.092ಕ್ಕೆ ಬಂದಿರಿ, ತಕ್ಷಣ ಪರದೆ ಮೇಲೆ 20 ಮೀಟರ್ ಒತ್ತಿದಿರಿ. ಮುಂದಿನ ಪ್ರಶ್ನೆ ಕೇಳುವಷ್ಟರಲ್ಲಿ ರಿಗ್ 14ಕ್ಕೆ ಹಾರಿದೆ. ಸಾಫ್ಟ್‌ವೇರಿನ ಪುಸ್ತಕದಲ್ಲಿ 7.085 ಉಳಿಯಿತು. ನಾಳೆ ಬಂದರೆ 7.092 ಇಲ್ಲ. ಬದಲಾವಣೆ ಆದಾಗೆಲ್ಲ ರಿಗ್ ತಾನಾಗೇ ಹೇಳುವ ಸೌಲಭ್ಯವೂ ಇದೆ. ಐಕಾಮ್‌ನಲ್ಲಿ ಅದು ಸಿಐ-ವಿ ಟ್ರಾನ್ಸೀವ್. ಸಾಫ್ಟ್‌ವೇರ್ ಅದನ್ನು ಕೇಳಿಸಿಕೊಳ್ಳುವಂಥದ್ದಾದರೆ ಈ ಕಂದಕ ಬಹುಪಾಲು ಮುಚ್ಚುತ್ತದೆ.

ಎರಡನೆಯದು, ಕರೆಂಟ್. ನಮ್ಮ ಕಡೆಯವರಿಗೆ ಇದು ಜಾಸ್ತಿ ಮುಖ್ಯ. ರಿಗ್ ನಡೆಯುವುದು 13.8 ವೋಲ್ಟ್ ಡಿಸಿಯಲ್ಲಿ. ಹಾಗಾಗಿ ಬಹಳ ಜನ ಜೊತೆಗೊಂದು 12 ವೋಲ್ಟ್ ಬ್ಯಾಟರಿ ಇಟ್ಟುಕೊಂಡಿರುತ್ತಾರೆ. ಬೇಸಿಗೆ ಮಧ್ಯಾಹ್ನ ಕರೆಂಟ್ ಹೋದರೆ ರಿಗ್ ಬದುಕಿರುತ್ತದೆ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಸಾಯುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಕೊನೇ ಫ್ರೀಕ್ವೆನ್ಸಿಯನ್ನು ಫೈಲಿಗೆ ಬರೆಯುವುದು ಸರಿಯಾಗಿ ಮುಚ್ಚಿದಾಗ ಮಾತ್ರ. ಕರೆಂಟ್ ಹೋದಾಗ ಮುಚ್ಚುವುದೆಲ್ಲಿ ಬಂತು? ಅವತ್ತಿನ ಲೆಕ್ಕ ಹೋಯಿತು, ಫೈಲಿನಲ್ಲಿ ಉಳಿದಿರುವುದು ನಿನ್ನೆಯದು.

ಕರೆಂಟ್ ಬಂದ ಮೇಲೆ ಆಗುವುದು ಇನ್ನೂ ದೊಡ್ಡದು. ಅಷ್ಟು ಹೊತ್ತಿಗೆ ನೀವು ಬ್ಯಾಟರಿ ಮೇಲೆ ಮಾತಾಡುತ್ತ ಬೇರೆ ಬ್ಯಾಂಡ್‌ಗೆ ಹೋಗಿರುತ್ತೀರಿ. ಸಾಫ್ಟ್‌ವೇರ್ ತೆರೆಯುತ್ತದೆ. ಅದು ಮೊದಲು ರಿಗ್ಗನ್ನು ಕೇಳುತ್ತದೋ, ಅಥವಾ ತನ್ನ ನಿನ್ನೆಯ ಲೆಕ್ಕವನ್ನು ರಿಗ್ ಮೇಲೆ ಹೇರುತ್ತದೋ? ಎರಡೂ ಬಗೆಯವು ಇವೆ. ಹೇರುವಂಥದ್ದಾದರೆ ನಿಮ್ಮ ಮಾತು ಅರ್ಧಕ್ಕೇ ತುಂಡಾಗಿ ರಿಗ್ ಬೇರೆ ಬ್ಯಾಂಡ್‌ಗೆ ಜಿಗಿಯುತ್ತದೆ. ಇದು ಸುಮ್ನೆ ಕಿರಿಕಿರಿಯಲ್ಲ, ತಪ್ಪಾದ ವಿನ್ಯಾಸ. ಮೊದಲು ಕೇಳಬೇಕು, ಆಮೇಲೆ ಮಾತಾಡಬೇಕು.

ಮೂರನೆಯದು, ಒಂದೇ ರಿಗ್‌ಗೆ ಇಬ್ಬರು ಯಜಮಾನರು. ಎಫ್‌ಟಿ8ಕ್ಕೆ ಒಂದು ಪ್ರೋಗ್ರಾಂ, ಲಾಗ್, ಅಂದರೆ ಯಾರ ಜೊತೆ ಸಂಪರ್ಕವಾಯಿತು ಎಂಬ ದಾಖಲೆ, ಬರೆಯಲು ಇನ್ನೊಂದು. ರಿಗ್ ಜೊತೆ ಮಾತಾಡಲು ಕಂಪ್ಯೂಟರಿನಲ್ಲಿರುವ ಬಾಗಿಲಾದ ಕಾಮ್ ಪೋರ್ಟನ್ನು ಒಂದೇ ಪ್ರೋಗ್ರಾಂ ಹಿಡಿಯಬಹುದು, ಅದಕ್ಕೇ ನಡುವೆ ಆಮ್ನಿರಿಗ್, ಎಫ್‌ಎಲ್‌ರಿಗ್‌ನಂಥ ಮಧ್ಯವರ್ತಿ ಇಡುತ್ತಾರೆ. ಎರಡರಲ್ಲೂ ಬ್ಯಾಂಡ್ ನೆನಪಿದ್ದರೆ, ಒಂದು 14.074 ಅನ್ನುತ್ತದೆ, ಇನ್ನೊಂದು ಅದನ್ನು ನೋಡಿ ತನ್ನ 14.200 ಅನ್ನುತ್ತದೆ. ರಿಗ್ಗಿನ ಡಿಸ್‌ಪ್ಲೇ ಅತ್ತಿಂದಿತ್ತ ಓಲಾಡುತ್ತದೆ.

ಮೋಡ್ ಮರೆತರೆ ಏನಾಗುತ್ತದೆ

ಫ್ರೀಕ್ವೆನ್ಸಿ ಒಂದೇ ನೆನಪಿಟ್ಟರೆ ಸಾಲದು. ಮಾತಿಗೆ 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಲೋವರ್ ಸೈಡ್‌ಬ್ಯಾಂಡ್ ಅಂದರೆ ಎಲ್‌ಎಸ್‌ಬಿ, ಮೇಲೆ ಅಪ್ಪರ್ ಸೈಡ್‌ಬ್ಯಾಂಡ್ ಅಂದರೆ ಯುಎಸ್‌ಬಿ ಎಂಬ ಮೋಡ್ ಬಳಸುವುದು ಹ್ಯಾಮ್‌ಗಳ ರೂಢಿ (ಈ ಯುಎಸ್‌ಬಿಗೂ ಕೇಬಲ್‌ನ ಯುಎಸ್‌ಬಿಗೂ ಸಂಬಂಧವಿಲ್ಲ). ನೇರ ಆದೇಶದಿಂದ 7.090ರಿಂದ 14.200ಕ್ಕೆ ಹೋದರೆ ಹೆಚ್ಚಿನ ರಿಗ್‌ಗಳಲ್ಲಿ ಮೋಡ್ ಎಲ್‌ಎಸ್‌ಬಿಯಲ್ಲೇ ಉಳಿಯುತ್ತದೆ. ಆ ಕಡೆಯವರ ಮಾತು ಅರ್ಥವಾಗದ ಗೊಳಗೊಳ ಸದ್ದಾಗಿ ಕೇಳುತ್ತದೆ.

ಎಫ್‌ಟಿ8ನಲ್ಲಿ ಇದು ಇನ್ನೂ ಮೋಸ ಮಾಡುತ್ತದೆ. ಅದಕ್ಕೆ ಎಲ್ಲ ಬ್ಯಾಂಡ್‌ನಲ್ಲೂ ಯುಎಸ್‌ಬಿಯೇ ಬೇಕು, 7.074ರಲ್ಲಿಯೂ. ಬೆಳಿಗ್ಗೆ ಮಾತಾಡಿ ಎಲ್‌ಎಸ್‌ಬಿಯಲ್ಲಿ ಬಿಟ್ಟ ರಿಗ್‌ಗೆ ಸಾಫ್ಟ್‌ವೇರ್ ಫ್ರೀಕ್ವೆನ್ಸಿ ಮಾತ್ರ ಕಳಿಸಿದರೆ, ಸಿಗ್ನಲ್‌ಗಳು ತಲೆಕೆಳಗಾಗಿ ಬರುತ್ತವೆ. ಪರದೆ ಮೇಲೆ ಗೆರೆಗಳು ಚೆನ್ನಾಗೇ ಕಾಣುತ್ತವೆ, ಒಂದು ಅಕ್ಷರವೂ ಡಿಕೋಡ್ ಆಗುವುದಿಲ್ಲ. ಹೊಸಬರು ಆಂಟೆನಾ ಬಿಚ್ಚಿ ನೋಡುತ್ತಾರೆ, ಕೇಬಲ್ ಬದಲಿಸುತ್ತಾರೆ. ಹೊಸ ಕಂಪ್ಯೂಟರಾದರೆ ಗಡಿಯಾರವನ್ನೂ ಒಮ್ಮೆ ನೋಡಿ. ಸಮಯ ಒಂದೆರಡು ಸೆಕೆಂಡಿಗಿಂತ ಜಾಸ್ತಿ ತಪ್ಪಿದ್ದರೂ ಲಕ್ಷಣ ಇದೇ.

ಆಂಟೆನಾಕ್ಕೆ ಏನೂ ನೆನಪಿರುವುದಿಲ್ಲ

40 ಮೀಟರ್‌ನ ಅರ್ಧತರಂಗ ಡೈಪೋಲ್ ಎಂಬ ತಂತಿ ಆಂಟೆನಾ ಸುಮಾರು 66 ಅಡಿ ಉದ್ದ. 30-40 ಸೈಟಿನ ಮೂಲೆಯಿಂದ ಮೂಲೆಗೆ ಅಳೆದರೂ ಸಿಗುವುದು 50 ಅಡಿ. ದಾವಣಗೆರೆಯ ಪಿ.ಜೆ. ಬಡಾವಣೆಯಂಥ ಜಾಗದಲ್ಲಿ ಟೆರೇಸಿನ ಮೇಲೆ ತಂತಿಯನ್ನು ಮಡಚಿ, ಬಗ್ಗಿಸಿ ಕಟ್ಟಬೇಕು. ಒಂದು ಕಟ್ಟುವುದೇ ಸಾಹಸ, ಬ್ಯಾಂಡಿಗೊಂದು ಎಲ್ಲಿ ಕಟ್ಟುವುದು?

ಆ ಒಂದು ಡೈಪೋಲ್ 7ರಲ್ಲಿ ನಡೆಯುತ್ತದೆ, ಅದರ ಮೂರರಷ್ಟಾದ 21ರಲ್ಲೂ ತಕ್ಕಮಟ್ಟಿಗೆ ನಡೆಯುತ್ತದೆ. 14ರಲ್ಲಿ ನಡೆಯುವುದಿಲ್ಲ, ಎಸ್‌ಡಬ್ಲ್ಯೂಆರ್, ಅಂದರೆ ಆಂಟೆನಾದಿಂದ ಶಕ್ತಿ ವಾಪಸ್ ಬರುವುದರ ಅಳತೆ, ವಿಪರೀತ ಏರುತ್ತದೆ. ಈಗ ಸಾಫ್ಟ್‌ವೇರ್ ಯಾವುದೋ ಹಳೇ ನೆನಪಿನಿಂದ 14ಕ್ಕೆ ಒಯ್ದು ನಿಲ್ಲಿಸಿತು, ನೀವು ನೋಡದೆ ಟ್ರಾನ್ಸ್‌ಮಿಟ್ ಒತ್ತಿದಿರಿ. ಒಳ್ಳೆಯ ರಿಗ್ ಪವರ್ ಇಳಿಸಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ. ಅಂಥ ರಕ್ಷಣೆ ಇಲ್ಲದ, ಮನೆಯಲ್ಲೇ ಜೋಡಿಸಿದ ಸೆಟ್‌ನಲ್ಲಿ ಫೈನಲ್ ಟ್ರಾನ್ಸಿಸ್ಟರ್ ಸುಡಬಹುದು.

ಅಮೆರಿಕದ ಗಡಿ, ಭಾರತದ ಲೈಸೆನ್ಸು

ಗಂಭೀರ ಪರಿಣಾಮ ಇರುವುದು ಇಲ್ಲಿ. ಯಾವ ಫ್ರೀಕ್ವೆನ್ಸಿ ಯಾವ ಬ್ಯಾಂಡ್‌ಗೆ ಸೇರಿದ್ದು ಎಂದು ತಿಳಿಯಲು ಸಾಫ್ಟ್‌ವೇರಿನಲ್ಲಿ ಒಂದು ಗಡಿಪಟ್ಟಿ ಇರುತ್ತದೆ. ಅದು ಅಮೆರಿಕದ ಲೆಕ್ಕದ್ದಾಗಿದ್ದರೆ 40 ಮೀಟರ್ ಅಂದರೆ 7.0ರಿಂದ 7.3. ನಮ್ಮಲ್ಲಿ 7.2ಕ್ಕೇ ಮುಗಿಯಿತು. 2 ಮೀಟರ್ ಅಲ್ಲಿ 144ರಿಂದ 148, ಇಲ್ಲಿ 144ರಿಂದ 146. 70 ಸೆಂಟಿಮೀಟರ್ ಅಲ್ಲಿ 420ರಿಂದ 450, ಇಲ್ಲಿ 434ರಿಂದ 438.

ರಾತ್ರಿ ಸುಮ್ನೆ ನಾಬ್ ತಿರುಗಿಸುತ್ತ 7.250ರಲ್ಲಿ ಯಾವುದೋ ಶಾರ್ಟ್‌ವೇವ್ ಪ್ರಸಾರ ಕೇಳಿದಿರಿ. ಕೇಳುವುದು ತಪ್ಪಲ್ಲ. ಆದರೆ ಸಾಫ್ಟ್‌ವೇರ್ ಅದನ್ನು "40 ಮೀಟರ್‌ನ ಕೊನೇ ಜಾಗ" ಎಂದು ಬರೆದುಕೊಂಡಿತು. ಬೆಳಿಗ್ಗೆ ಬಟನ್ ಒತ್ತಿ ಮಾತಾಡಿದರೆ ನೀವು ಲೈಸೆನ್ಸಿನ ಹೊರಗಿದ್ದೀರಿ. "ಸಾಫ್ಟ್‌ವೇರ್ ಕರೆದೊಯ್ದಿತು" ಎನ್ನುವುದು ಸಮರ್ಥನೆಯಾಗದು. ಲೈಸೆನ್ಸ್ ಇರುವುದು ಮನುಷ್ಯನ ಹೆಸರಿನಲ್ಲಿ ಅಲ್ವಾ?

ಪಟ್ಟಿ ಭಾರತದ್ದಾಗಿದ್ದರೆ ಇನ್ನೊಂದು ಪ್ರಶ್ನೆ. 7.250 ಯಾವ ಬ್ಯಾಂಡೂ ಅಲ್ಲ ಎಂದಾದಾಗ ಸಾಫ್ಟ್‌ವೇರ್ ಅದನ್ನು ಮರೆಯಬೇಕೋ, ಬೇರೆ ಖಾನೆಯಲ್ಲಿ ಇಡಬೇಕೋ? ಮರೆಯುವುದೇ ಸರಿ. ಹಳೇ 7.090 ಹಾಗೇ ಉಳಿಯಲಿ. ಪ್ರಸಾರ ಕೇಳುವವರಿಗೆ ಇದು ಸ್ವಲ್ಪ ಅನಾನುಕೂಲ, ನಿಜ.

ಮೂರು ಬಣ

ನೆನಪು ರಿಗ್‌ನಲ್ಲೇ ಇರಲಿ ಎನ್ನುವವರದು ಗಟ್ಟಿ ವಾದ. ನಾಬ್ ತಿರುಗಿಸಿದರೂ ಮೌಸ್ ಒತ್ತಿದರೂ ಲೆಕ್ಕ ಒಂದೇ ಇರುತ್ತದೆ. ಮೋಡ್ ಜೊತೆಗೇ ಬರುತ್ತದೆ. ಕಂಪ್ಯೂಟರ್ ಬದಲಿಸಿದರೂ ಏನೂ ಹೋಗುವುದಿಲ್ಲ. ಈಗ ವಿಂಡೋಸ್ ಬದಲಿಸಿ ತಲೆ ಕೆಡಿಸಿಕೊಳ್ಳದವರು ಇವರೇ.

ಸಾಫ್ಟ್‌ವೇರ್‌ನಲ್ಲಿರಲಿ ಎನ್ನುವವರಿಗೂ ಕಾರಣ ಇದೆ. ಎರಡು ಮೂರು ರಿಗ್ ಇರುವವರಿಗೆ, ಊರಿನ ತೋಟದಲ್ಲಿ ರಿಗ್ ಇಟ್ಟು ಪೇಟೆಯಿಂದ ಇಂಟರ್ನೆಟ್ ಮೂಲಕ ನಡೆಸುವವರಿಗೆ ಒಂದೇ ಕಡೆ ಲೆಕ್ಕ ಬೇಕು. ನಾಬೇ ಇಲ್ಲದ ಎಸ್‌ಡಿಆರ್ ಪೆಟ್ಟಿಗೆಗಳಲ್ಲಿ ಸಾಫ್ಟ್‌ವೇರೇ ರೇಡಿಯೋ, ಅಲ್ಲಿ ಈ ಜಗಳವೇ ಇಲ್ಲ.

ಪಟ್ಟಿಯೇ ಸಾಕು ಎನ್ನುವವರು ಡಿಜಿಟಲ್ ಮಂದಿ. ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುವ ಕಡೆ ವೈಯಕ್ತಿಕ ನೆನಪಿನಿಂದ ಏನು ಪ್ರಯೋಜನ?

ಮೂರೂ ಸರಿ, ಆದರೆ ಒಂದೇ ಸಂದರ್ಭಕ್ಕೆ ಮೂರೂ ಸರಿಯಲ್ಲ. ಮಾತಿಗೆ ರಿಗ್ಗಿನ ನೆನಪು, ಎಫ್‌ಟಿ8ಕ್ಕೆ ಪಟ್ಟಿ, ರಿಗ್‌ಗೆ ಆ ಶಕ್ತಿ ಇಲ್ಲದಿದ್ದಾಗ ಮಾತ್ರ ಸಾಫ್ಟ್‌ವೇರು. ಸಾಫ್ಟ್‌ವೇರ್ ಬರೆಯುವವರು ಇದನ್ನು ಆಯ್ಕೆಯಾಗಿ ಕೊಡಬೇಕು, ಎದ್ದು ಕಾಣುವ ಜಾಗದಲ್ಲಿ ಕೊಡಬೇಕು. ನಾಲ್ಕನೇ ಮೆನುವಿನ ಒಳಗೆ ಬಚ್ಚಿಟ್ಟ ಟಿಕ್ ಬಾಕ್ಸ್ ಇದ್ದೂ ಇಲ್ಲದಂತೆ.

ತುರ್ತು ಸಂಪರ್ಕದ ವಿಷಯ ಮಾತ್ರ ಬೇರೆ. ನಮ್ಮ ವಲಯಕ್ಕೆ ಅಂತರರಾಷ್ಟ್ರೀಯ ಹ್ಯಾಮ್ ಒಕ್ಕೂಟ ಗುರುತಿಸಿರುವ ತುರ್ತು ಕೇಂದ್ರ ಫ್ರೀಕ್ವೆನ್ಸಿಗಳಲ್ಲಿ 7.110 ಮತ್ತು 14.300 ಇವೆ. ನೆರೆಯೋ ಅಪಘಾತವೋ ಆದಾಗ "ಕೊನೆಗೆ ಎಲ್ಲಿದ್ದೆ" ಎಂಬ ನೆನಪು ಕೆಲಸಕ್ಕೆ ಬರುವುದಿಲ್ಲ. ಅವನ್ನು ರಿಗ್ಗಿನ ಮೆಮೊರಿ ಚಾನೆಲ್‌ನಲ್ಲಿ ಮೋಡ್ ಸಮೇತ ಹಾಕಿಟ್ಟರೆ ಯಾವ ಸಾಫ್ಟ್‌ವೇರೂ ಬೇಡ.

ಮೆಷಿನ್ ಬದಲಿಸುವ ಮುಂಚೆ

ಹಳೇ ಕಂಪ್ಯೂಟರ್ ಗುಜರಿಗೆ ಹೋಗುವ ಮೊದಲು ಸೆಟ್ಟಿಂಗ್ಸ್ ಫೈಲ್ ನಕಲು ಮಾಡಿಕೊಳ್ಳಿ. ಡಬ್ಲ್ಯೂಎಸ್‌ಜೆಟಿ-ಎಕ್ಸ್‌ನದು ಅದರ ಹೆಸರಿನದೇ ಐಎನ್‌ಐ ಫೈಲು, ವಿಂಡೋಸ್‌ನಲ್ಲಿ ಬಳಕೆದಾರನ ಲೋಕಲ್ ಆಪ್‌ಡೇಟಾ ಫೋಲ್ಡರ್‌ನಲ್ಲಿ ಇರುತ್ತದೆ. ಲಾಗ್ ಫೈಲೂ ಅಲ್ಲೇ ಇರುತ್ತದೆ, ಅದನ್ನು ಮರೆತವರು ಆಮೇಲೆ ಜಾಸ್ತಿ ಪರಿತಪಿಸುತ್ತಾರೆ. ಹೊಸ ಮೆಷಿನ್‌ನಲ್ಲಿ ಪೋರ್ಟ್ ಸಂಖ್ಯೆ ಬೇರೆಯಾಗಿರುತ್ತದೆ, ಲಿನಕ್ಸ್ ಆದರೆ ಹೆಸರೇ ಬೇರೆ. ಆ ಒಂದನ್ನು ಮತ್ತೆ ಹೊಂದಿಸಬೇಕು. ಐಸಿ-7300 ಇದ್ದವರು ಬ್ಯಾಂಡ್ ಎಡ್ಜ್ ಮೆನುವಿನಲ್ಲಿ ಭಾರತದ ಗಡಿ ಹಾಕಿ, ಟಿಎಕ್ಸ್ ಲಿಮಿಟ್ ಆಯ್ಕೆ ಆನ್ ಮಾಡಿಕೊಳ್ಳಬಹುದು. ಆಗ ಸಾಫ್ಟ್‌ವೇರ್ 7.250ಕ್ಕೆ ಒಯ್ದರೂ ರಿಗ್ ಟ್ರಾನ್ಸ್‌ಮಿಟ್ ಮಾಡುವುದಿಲ್ಲ.

ನಿಮ್ಮ ಸಾಫ್ಟ್‌ವೇರ್ ಕೇಳುವಂಥದ್ದೋ, ಹೇರುವಂಥದ್ದೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಪವರ್ ಪೂರ್ತಿ ಇಳಿಸಿ. ಸಾಫ್ಟ್‌ವೇರ್ ಮುಚ್ಚಿ. ರಿಗ್ಗನ್ನು ಕೈಯಿಂದಲೇ ಬೇರೆ ಬ್ಯಾಂಡ್‌ಗೆ ಒಯ್ದು ಬಿಡಿ. ಈಗ ಸಾಫ್ಟ್‌ವೇರ್ ತೆರೆದು, ಪರದೆಯನ್ನಲ್ಲ, ರಿಗ್ಗಿನ ಡಿಸ್‌ಪ್ಲೇ ನೋಡುತ್ತಿರಿ. ಅಂಕಿ ಅಲುಗದಿದ್ದರೆ ಅದು ಕೇಳುವಂಥದ್ದು. ಅಲುಗಿದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸುವ ಆಯ್ಕೆ ಹುಡುಕಿ. ಅಂಥ ಆಯ್ಕೆ ಸಿಗದಿದ್ದರೆ, ಮೊದಲು ಸಾಫ್ಟ್‌ವೇರ್ ತೆರೆದು, ಆಮೇಲೆ ರಿಗ್ಗಿನ ನಾಬ್ ಮುಟ್ಟುವ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.